ಮೊಂಡಮೂಗಿನ ಚಾಕು

ವರನ ಕಡೆಯವರು ತಮಗೇನೂ ಬೇಡವೆಂದಾಗಲೇ ನಿರುಪಮಾಳ ಮನೆಯವರು ಹೆದರಬೇಕಾಗಿತ್ತು. ಸೈಕಲ್ಲು, ಕೈಗಡಿಯಾರ, ಓದಿನ ಖರ್ಚು ಎಂದು ಬಾಯಿ ಬಿಡುವ ಗಂಡುಗಳು ಆಗಿನ ಧಾರವಾಡಕ್ಕೆ ಹೊಸಬರಲ್ಲ. ಏನೂ ಕೇಳದ ಗಂಡನ್ನು ಯಾರೂ ಕಂಡಿರಲಿಲ್ಲ.

ಪುಣೆಯಲ್ಲಿ ವಕೀಲಿ ಓದುತ್ತಿದ್ದ ರಮಾಕಾಂತ ಕನ್ಯೆ ನೋಡಲು ಬಂದ ದಿನ, ನಿರುಪಮಾ ತಟ್ಟೆ ಇಟ್ಟು ಒಳಗೆ ಹೋಗುವ ಮೊದಲೇ ತನ್ನ ಕಾಕಾನಿಗೆ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದ: “ಹುಡುಗಿ ಛಲೋ ಇದ್ದಾಳ. ಮೂಗು ಸ್ವಲ್ಪ ಮೊಂಡ. ಇರ್ಲಿ, ನಡೀತದ.”

ಆಕೆಯ ತಂದೆ ಪಂಢರಿನಾಥರಾಯರು ಅಲ್ಲೇ ಕೂತಿದ್ದರು. ಕಚೇರಿಯಲ್ಲಿ ಹೆಡ್ ಕ್ಲಾರ್ಕರಾಗಿ, ಮೇಲಿನವರು ಅಂದದ್ದಕ್ಕೆಲ್ಲ ಹೌದ್ರಿ ಅನ್ನುತ್ತ ತಲೆ ನರೆಸಿಕೊಂಡವರು. ಅಳಿಯನಾಗುವವನ ಮಾತಿಗೂ ಚೇಷ್ಟೆ ಕೇಳಿದವರಂತೆ ನಕ್ಕು, ಇನ್ನಷ್ಟು ಶಿರಾ ಬಡಿಸಲು ಹೇಳಿದರು. ಆ ಸಂಜೆ ತಾಯಿ ಕಾಶೀಬಾಯಿ ಮಗಳ ಮೂಗಿಗೆ ಕೊಬ್ಬರಿ ಎಣ್ಣೆ ಹಚ್ಚಿ ಎಳೆದು ನೋಡಿದರು. ನಿರುಪಮಾಳ ಕಣ್ಣಲ್ಲಿ ನೀರು ಬಂತೇ ಹೊರತು ಮೂಗು ಮುಂದೆ ಬರಲಿಲ್ಲ.

ಹೊರಡುವಾಗ ರಮಾಕಾಂತ ಬಹಳ ಸಂಕೋಚಪಟ್ಟು ತನ್ನ ಬೇಡಿಕೆ ತಿಳಿಸಿದ್ದ. “ನನಗ ಏನೂ ಬ್ಯಾಡ್ರಿ. ದಿನಾ ಕಿಸೆದಾಗ ಇಟ್ಕೊಳ್ಳಿಕ್ಕೆ ಒಂದು ಮಡಚೂ ಚಾಕು ಕೊಟ್ಟರ ಸಾಕು. ಆದರ ಚಾಕು ನನ್ನ ಮನಸ್ಸಿಗೆ ಬರಬೇಕು.”

ಓಣಿಗೆ ಓಣಿಯೇ ಹುಡುಗನ ಸರಳತೆಯನ್ನು ಕೊಂಡಾಡಿತು. ನಿರುಪಮಾಳಿಗೆ ಮಾತ್ರ ‘ಮನಸ್ಸಿಗೆ ಬರಬೇಕು’ ಅನ್ನುವುದು ಕಿವಿಯಲ್ಲಿ ಉಳಿಯಿತು.

ರಾಯರು ಮುಂದಿನ ರವಿವಾರವೇ ರೈಲು ಹತ್ತಿ, ಉಣಕಲ್ಲು ದಾಟಿ ಹುಬ್ಬಳ್ಳಿಗೆ ಹೋದರು. ದುರ್ಗದಬೈಲಿನ ಹತ್ತಿರ ಕಮರುದ್ದೀನನದು ಚಾಕು, ಕತ್ತರಿ, ಕೀಲಿಗಳ ಅಂಗಡಿ. ಗಿರಾಕಿಯ ಮುಖ ನೋಡಿ ಮಾಲಿಗೆ ಹೆಸರಿಡುವುದರಲ್ಲಿ ಅವನು ಜಾಣ. ಅಲಗು ಎಲೆಯಂತೆ ಚೂಪಾಗಿದ್ದರೆ ಅದು ಬೇವಿನೆಲೆ, ಕೊಕ್ಕಿನಂತೆ ಬಾಗಿದ್ದರೆ ಗಿಣಿಮೂತಿ. ನೆಟ್ಟಗೆ ಹೋಗಿ ತುದಿಯಲ್ಲಿ ಬೆನ್ನು ತಗ್ಗಿಸಿದ್ದರೆ ಮೊಂಡಮೂಗು. ನಿಮ್ಮ ಅಳಿಯಂದಿರು ಓದಿದವರು, ಓದಿದವರು ಬೇವಿನೆಲೆಯನ್ನೇ ಒಯ್ಯುತ್ತಾರೆ ಎಂದು ಅದನ್ನೇ ಕಟ್ಟಿಕೊಟ್ಟ.

ಅಂಚೆಯಲ್ಲಿ ಪುಣೆಗೆ ಹೋದ ಅದು ರಮಾಕಾಂತನ ಮನಸ್ಸಿಗೆ ಬರಲಿಲ್ಲ. ಬಾಳೆಕಾಯಿ ಹೆಚ್ಚುವ ಹೆಂಗಸರ ಚಾಕು ಎಂದು ಬರೆದು ವಾಪಸು ಕಳಿಸಿದ. ಎರಡನೆಯದು ಎಲುಬಿನ ಹಿಡಿಯದು. ಸಂಧ್ಯಾವಂದನೆ ಮಾಡುವವನ ಕಿಸೆಯಲ್ಲಿ ಯಾವ ಪ್ರಾಣಿಯದೋ ಎಲುಬು ಇರಬಹುದೇ ಎಂದು ಕೇಳಿದ. ಪುಣೆಯ ಹೋಟೆಲಿನಲ್ಲಿ ಅವನು ಆಮ್ಲೆಟ್ ತಿನ್ನುವುದನ್ನು ಕಂಡವರು ಊರಲ್ಲಿದ್ದರು; ಒಳ್ಳೆಯ ಸಂಬಂಧ ಕೆಡಿಸುವ ಪಾಪ ನಮಗೇಕೆಂದು ಸುಮ್ಮನಿದ್ದರು. ಮೂರನೆಯದು ಗಿಣಿಮೂತಿ, ಅದು ತೋಟದ ಮಾಲಿಯ ಚಾಕು ಎಂದ. ಆಮೇಲೆ ಹೋದದ್ದು ಭಾರವಾಯಿತು, ಅದರ ನಂತರದ್ದು ಹಗುರವಾಯಿತು.

ಒಮ್ಮೆ ಮಾರಿದ ಮಾಲನ್ನು ಕಮರುದ್ದೀನ ವಾಪಸು ತೆಗೆದುಕೊಳ್ಳಲೊಲ್ಲ. ಹಾಗಾಗಿ ಬೇಡವಾದ ಚಾಕುಗಳೆಲ್ಲ ಮನೆಯಲ್ಲೇ ಉಳಿದವು. ಉಳಿದದ್ದೇಕೆ ಹಾಳಾಗಬೇಕೆಂದು ರಾಯರು ಒಂದರಿಂದ ಪೆನ್ಸಿಲ್ ಕೆತ್ತಿದರು, ಇನ್ನೊಂದರಿಂದ ಮಾವಿನಹಣ್ಣು ಹೆಚ್ಚಿದರು, ಮತ್ತೊಂದರಿಂದ ಕಡತದ ದಾರ ಕೊಯ್ದರು. ನೋಡನೋಡುತ್ತ ಅವರಿಗೆ ರುಚಿ ಹತ್ತಿತು. ಊಟಕ್ಕೆ ಕೂತರೂ ಅಲಗಿನ ಮಾತು. ಲಗ್ನದ ಸೀರೆಯ ವಿಷಯ ಎತ್ತಿದರೆ ಕಾಶೀಬಾಯಿಗೆ ಸ್ಪ್ರಿಂಗಿನ ಬಿಗಿಯ ಬಗ್ಗೆ ಉತ್ತರ ಬರುತ್ತಿತ್ತು. ಮಗಳು ಯಾವ ಪುಸ್ತಕ ಓದುತ್ತಾಳೆಂದು ಎಂದೂ ಕೇಳದ ತಂದೆ, ಈಗ ಆಕೆಯನ್ನು ಕರೆದು ಅಲಗನ್ನು ಬೆಳಕಿಗೆ ಹಿಡಿದು ನೋಡಲು ಹೇಳುತ್ತಿದ್ದರು.

ಕಡೆಗೆ ಅವರ ಮನಸ್ಸು ನಿಂತದ್ದು ಮೊಂಡಮೂಗಿನ ಮೇಲೆ. ಬೀಟೆಮರದ ಹಿಡಿ, ಒಂದೇ ಅಲಗು. ಕಿಸೆಯಲ್ಲಿ ಚುಚ್ಚುವುದಿಲ್ಲ, ಪೆನ್ಸಿಲಿಗೆ ನೆಟ್ಟಗೆ ಕೂಡುತ್ತದೆ, ಕೈಯಲ್ಲಿ ಜಾರುವುದಿಲ್ಲ. ದಿನವೂ ಧೋತರದ ಅಂಚಿನಿಂದ ಅದನ್ನು ಒರೆಸುವರು. ತಂದೆ ಅಷ್ಟು ಅಕ್ಕರೆಯಿಂದ ಮನೆಯಲ್ಲಿ ಯಾರನ್ನಾದರೂ ನೋಡಿದ್ದು ನಿರುಪಮಾಳಿಗೆ ನೆನಪಿರಲಿಲ್ಲ.

ಕಾಲೇಜಿನ ಸೂಟಿಗೆ ಊರಿಗೆ ಬಂದ ರಮಾಕಾಂತ, ಲಗ್ನದ ದಿನ ಗೊತ್ತುಮಾಡಲು ಕಾಕಾನೊಡನೆ ಮನೆಗೆ ಬಂದ. ನಡುಮನೆಯಲ್ಲಿ ಓಣಿಯ ಹೆಂಗಸರು ನೆರೆದಿದ್ದರು. ನಿರುಪಮಾ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಪಡಸಾಲೆಯಲ್ಲಿ ರಾಯರು ಮೊಂಡಮೂಗನ್ನು ಎರಡೂ ಕೈಯಲ್ಲಿ ಹಿಡಿದು ಅಳಿಯನ ಮುಂದೆ ಚಾಚಿದರು. ಕೊಡಲು ಮನಸ್ಸಿಲ್ಲದೆ, ಅವನು ಎಳೆದುಕೊಳ್ಳುವವರೆಗೂ ಹಿಡಿದೇ ಇದ್ದರು.

ರಮಾಕಾಂತ ಅದನ್ನು ಬಿಚ್ಚಿ, ಮಡಚಿ, ಜಮಖಾನೆಯ ಮೇಲೆ ಒಗೆದ.

“ಇಂಥಾ ಮೊಂಡಮೂಗನ್ನ ನಾಕು ಮಂದಿ ಮುಂದ ಹ್ಯಾಂಗ ತೋರಸ್ಲಿ?” ಅಂದ.

ಪಂಢರಿನಾಥರಾಯರು ಎದ್ದು ನಿಂತರು. ಅವರ ದನಿ ಒಡೆದು ಓಣಿಯ ತುದಿಯವರೆಗೆ ಹೋಯಿತು. ಅಳಿಯನಾಗುವವನನ್ನು ಮೊದಲ ಸಲ ಏಕವಚನದಲ್ಲಿ ಕರೆದರು.

“ಮೊಂಡಮೂಗು ಅಂತ ಹೀನಾಯ ಮಾಡಬ್ಯಾಡ, ರಮಾಕಾಂತ. ಅದರ ಬೆಲೆ ನಿನಗೇನು ಗೊತ್ತು? ನಿನ್ನಂಥಾವನ ಕೈಯಾಗ ಕೊಡೂದಕ್ಕಿಂತ ಜೀವ ಇರೂತನಕ ನನ್ನ ಮನ್ಯಾಗ ಇಟ್ಕೋತೇನಿ. ಏಳು, ನಡಿ.”

ಕಾಕಾ ಟೊಪ್ಪಿಗೆ ಹುಡುಕಿಕೊಂಡು ರಮಾಕಾಂತನ ಹಿಂದೆ ಓಡಿದ. ನಡುಮನೆಯಲ್ಲಿ ಕಾಶೀಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಷ್ಟು ವರ್ಷ ಬಾಳಿದರೂ ಈ ಮನುಷ್ಯನಿಗೆ ಮಗಳ ಮೇಲೆ ಇಷ್ಟು ಜೀವವಿರುವುದು ತಿಳಿದಿರಲಿಲ್ಲ ಎಂದರು. ಹೆಂಗಸರೂ ಕಣ್ಣೊರೆಸಿಕೊಂಡರು. ನಿರುಪಮಾ ಸಂದಿಯಿಂದ ನೋಡುತ್ತಲೇ ಇದ್ದಳು. ತಂದೆ ಜಮಖಾನೆಯ ಮೇಲೆ ಕೂತು, ಚಾಕುವನ್ನು ಎತ್ತಿ, ಅಲಗಿಗೆ ಗೀರು ಬಿದ್ದಿದೆಯೇ ಎಂದು ಪರೀಕ್ಷಿಸುತ್ತಿದ್ದರು. ಆಕೆಗೆ ದೊಡ್ಡ ಹೊರೆ ಇಳಿದಂತಾಯಿತು. ಅದರ ಜೊತೆಗೆ ಕಹಿಯೂ ಬೆರೆಯಿತು. ತನ್ನ ಮೂಗಿನ ಮಾತಿಗೆ ನಕ್ಕು ಶಿರಾ ಬಡಿಸಲು ಹೇಳಿದವರು ಇವರೇ.

ಮಗಳ ಮಾನಕ್ಕಾಗಿ ಸಂಬಂಧವನ್ನೇ ಒದ್ದ ತಂದೆಯ ಸುದ್ದಿ ಧಾರವಾಡ ಸುತ್ತಿ ಹುಬ್ಬಳ್ಳಿಗೂ ಹೋಯಿತು. ಹಿರಿಯರು ಮನೆಗೆ ಬಂದು ಬೆನ್ನು ತಟ್ಟಿದರು. ಮೊದಮೊದಲು ರಾಯರು ಯಾತರ ಬಗ್ಗೆ ಮಾತೆಂದು ತಿಳಿಯದೆ ಕಣ್ಣು ಪಿಳಿಪಿಳಿ ಬಿಟ್ಟರು. ತಿಳಿದ ಮೇಲೆ ತಿದ್ದುವ ಗೋಜಿಗೆ ಹೋಗಲಿಲ್ಲ. ಕೆಲವು ದಿನಗಳಲ್ಲಿ ಸಿಟ್ಟಿನ ಆ ಮಾತುಗಳನ್ನು ಅಭಿನಯಿಸಿಯೂ ತೋರಿಸತೊಡಗಿದರು.

ಅಂಥ ಒಂದು ಸಂಜೆ ಪಡಸಾಲೆ ತುಂಬಿದ್ದಾಗ ನಿರುಪಮಾ ಚಹಾ ತಂದಳು. ಕಪ್ಪುಗಳನ್ನು ಇಟ್ಟು, ಒಳಗೆ ಹೋಗದೆ ನಿಂತಳು.

“ಅಪ್ಪಾ, ನನ್ನ ಸಲುವಾಗಿ ಅಷ್ಟು ಮಾಡಿದ್ರಿ. ಇನ್ನ ಮಾಸ್ತರಕೀ ಕಲೀಲಿಕ್ಕೆ ಟ್ರೇನಿಂಗ್ ಕಾಲೇಜಿಗೆ ನನ್ನ ಹೆಸರೂ ಹಚ್ಚಸ್ರಿ. ಅದು ಮುಗಿಯೂತನಕ ಯಾವ ವರನೂ ಬ್ಯಾಡ.”

ರಾಯರು ತಲೆ ಎತ್ತಿದರು. ಮಗಳು ತಮ್ಮ ಕಣ್ಣನ್ನೇ ನೋಡುತ್ತಿದ್ದಳು, ಆಮೇಲೆ ಚಾಕು ಇದ್ದ ಅವರ ಕಿಸೆಯ ಕಡೆ ನೋಡಿದಳು. ಆಕೆಗೆ ಎಲ್ಲ ಗೊತ್ತೆಂಬುದು ಅವರಿಗೆ ಆಗ ಗೊತ್ತಾಯಿತು. ಹಿರಿಯರು ಅವರಿಂದ ಇನ್ನೊಂದು ದೊಡ್ಡ ಮಾತನ್ನು ನಿರೀಕ್ಷಿಸುತ್ತ ಕಪ್ಪು ಹಿಡಿದು ಕೂತಿದ್ದರು.

“ಯಾರು ಬ್ಯಾಡ ಅಂದಾರ?” ಎಂದರು ರಾಯರು.

ಮರುದಿನ ತಾವೇ ಮುಂದೆ ನಡೆದು ಹೋಗಿ ಹೆಸರು ಹಚ್ಚಿಸಿದರು. ದಾರಿಯಲ್ಲಿ ಸಿಕ್ಕವರಿಗೆಲ್ಲ, ಹೆಣ್ಣುಮಕ್ಕಳು ಓದಬೇಕೆಂಬುದು ತಮ್ಮ ಬಹಳ ಹಿಂದಿನ ವಿಚಾರವೆಂದು ಹೇಳಿದರು. ನಿರುಪಮಾ ಹಿಂದಿನಿಂದ ಕೇಳುತ್ತ ನಡೆದಳು. ಒಂದು ಸಲವೂ ತಿದ್ದಲಿಲ್ಲ.