ನಾಲ್ಕನೇ ಸಾಲಿನ ಎರಡು ತೂತು

ಹಾಸೆನ್‌ರೀಡ್ ಊರಿನ ಗುರಿಕಾರರ ಸಂಘದಲ್ಲಿ ಗುರಿ ತಪ್ಪಿಸುವುದರಲ್ಲಿ ಪಳಗಿದವರು ಮೂವತ್ತು ಮಂದಿ ಇದ್ದರು. ನಡುಬಿಂದುವಿಗೇ ಹೊಡೆಯಬೇಕೆಂದು ಆಸೆಪಟ್ಟವನು ಒಬ್ಬನೇ, ಅವನಿಗೆ ಹೊಡೆಯಲು ಬರುತ್ತಿರಲಿಲ್ಲ. ಅವನೇ ಸಂಘದ ಯಜಮಾನ ಕ್ವಿರೀನ್.

ಉಳಿದವರು ಗುರಿ ತಪ್ಪಿಸುವುದಕ್ಕೆ ಕಾರಣವಿತ್ತು. ಪ್ರತಿ ಚಳಿಗಾಲ, ಕ್ರಿಸ್‌ಮಸ್ ಕಳೆದು ಬರುವ ಮೂರು ಅರಸರ ಹಬ್ಬದ ಸಂಜೆ, ಆಫ್ರಾಳ ಬಿಯರ್ ಅಂಗಡಿಯ ಹಿಂದಿನ ಉದ್ದ ಕೋಣೆಯಲ್ಲಿ ಒಬ್ಬೊಬ್ಬರೂ ಗಾಳಿಕೋವಿಯಿಂದ ಒಂದೇ ಒಂದು ಗುಂಡು ಹಾರಿಸಬೇಕು. ನಡುಬಿಂದುವಿಗೆ ಎಲ್ಲರಿಗಿಂತ ಹತ್ತಿರ ಹೊಡೆದವನು ಆ ವರ್ಷದ ರಾಜ. ಅವನ ಕೊರಳಿಗೆ ಬೆಳ್ಳಿಯ ಸರ, ಎರಡನೆಯವನಿಗೆ ಸಾಸೇಜಿನ ಹಾರ. ಸಾಸೇಜಿನ ಹಾರ ಹಾಕಿಕೊಂಡವನು ಮನೆಗೆ ಹೋಗಿ ಅದನ್ನು ತಿಂದರೆ ಮುಗಿಯಿತು. ಬೆಳ್ಳಿಯ ಸರ ಹಾಕಿಕೊಂಡವನು ಊರಿಗೆಲ್ಲ ಊಟ ಹಾಕಬೇಕು. ಸಂಘದವರಿಗೆ, ವಾದ್ಯದವರಿಗೆ, ಬೆಂಕಿ ಆರಿಸುವ ದಳದವರಿಗೆ, ದಾರಿಯಲ್ಲಿ ವಾಸನೆ ಹಿಡಿದು ಬಂದವರಿಗೂ. ಆಮೇಲೆ ರಾಜನ ಮನೆಯಲ್ಲಿ ವಸಂತ ಬರುವವರೆಗೆ ಬರೀ ಆಲೂಗಡ್ಡೆ.

ಹೀಗಾಗಿ ಮೂವತ್ತು ಮಂದಿಯೂ ಮಾನಕ್ಕೆ ಹತ್ತಿರ, ಜೇಬಿಗೆ ದೂರ ಎನ್ನುವ ಜಾಗ ನೋಡಿ ಹೊಡೆಯುತ್ತಿದ್ದರು. ಹೊಡೆದಾದ ಮೇಲೆ ತಲೆ ಕೊಡವಿ, "ಥೂ, ಕೂದಲೆಳೆಯಲ್ಲಿ ತಪ್ಪಿಹೋಯ್ತು ನೋಡು!" ಎಂದು ಹಣೆ ಬಡಿದುಕೊಳ್ಳುತ್ತಿದ್ದರು. ಹೋದ ವರ್ಷದ ರಾಜ ಬಾರ್ಟಲ್, ಇಗರ್ಜಿಯಲ್ಲಿ ಆರ್ಗನ್ ನುಡಿಸುವವನು. ಕೋವಿಯ ಕುದುರೆ ಒತ್ತುವ ಹೊತ್ತಿಗೆ ಸರಿಯಾಗಿ ಸೀನು ಬಂದು ರಾಜನಾದ.

ರಾಜನಾದವನಿಗೆ ದಕ್ಕುವ ಹಕ್ಕು ಒಂದೇ. ಮರದ ದುಂಡು ಹಲಗೆಯ ಮೇಲೆ ತನಗೆ ಬೇಕಾದ ಚಿತ್ರ ಬರೆಸಿ ಆಫ್ರಾಳ ಗೋಡೆಗೆ ತೂಗುಹಾಕಬಹುದು. ಹಲಗೆ ಹೋಗುವುದು ಗೋಡೆ ಬಿದ್ದಾಗಲೇ. ಕ್ವಿರೀನನ ಅಜ್ಜನ ಹಲಗೆಯಲ್ಲಿ ಕಾಡುಹಂದಿ ಇತ್ತು, ಅಪ್ಪನದರಲ್ಲಿ ಹಿಮ ಹೊದ್ದ ಇಗರ್ಜಿ. ಅಪ್ಪನ ಹಲಗೆಯ ಪಕ್ಕದಲ್ಲಿ ಒಂದು ಮೊಳೆ. ಯಜಮಾನನಾದ ವರ್ಷ ಕ್ವಿರೀನ್ ತನ್ನ ಕೈಯಾರೆ ಹೊಡೆದದ್ದು. ಅಂದಿನಿಂದ ಅದರ ಮೇಲೆ ತೂಗುತ್ತಿದ್ದದ್ದು ಆಫ್ರಾಳ ಒದ್ದೆ ಅಡುಗೆಬಟ್ಟೆ.

"ಆ ಮೊಳೆಗೆ ಬಟ್ಟೆ ಹಾಕ್ಬೇಡ ಅಂತ ಎಷ್ಟು ಸಲ ಹೇಳ್ಲಿ ಆಫ್ರಾ?"

"ನೀನು ಹಲಗೆ ತಂದ ದಿನ ತೆಗೀತೀನಿ ಕಣಯ್ಯ. ಅಲ್ಲೀತಂಕ ಪಾಪ, ಮೊಳೆಗೂ ಒಂದು ಕೆಲಸ ಬೇಡ್ವಾ?"

ಈ ವರ್ಷ ಅವನಿಗೆ ಕೊನೆಯ ಅವಕಾಶ. ಕಣ್ಣಿಗೆ ಪೊರೆ ಬರುತ್ತಿತ್ತು, ಕೋವಿಯನ್ನು ಊರುಗೋಲಿನ ಮೇಲೆ ಇಟ್ಟು ಹೊಡೆಯುವ ವಯಸ್ಸಾಗಿತ್ತು. ವಸಂತಕ್ಕೆ ಯಜಮಾನಿಕೆಯನ್ನು ಬಾರ್ಟಲನಿಗೆ ಬಿಟ್ಟುಕೊಡುವುದೆಂದು ಮಾತಾಗಿತ್ತು.

ತನಗೆ ಬಾರದ ವಿದ್ಯೆಯನ್ನು ಕ್ವಿರೀನ್ ಮಕ್ಕಳಿಗೆ ಬಲು ಚೆನ್ನಾಗಿ ಕಲಿಸುತ್ತಿದ್ದ. ಶುಕ್ರವಾರ ಸಂಜೆ ಅವನ ಮುಂದೆ ನಾಲ್ಕು ಮಕ್ಕಳು ನಿಲ್ಲುತ್ತಿದ್ದರು. "ಉಸಿರು ಅರ್ಧ ಬಿಡು. ಉಳಿದರ್ಧ ಒಳಗೇ ಕೂತಿರ್ಲಿ. ಕುದುರೆನ ಎಳೀಬೇಡ ಮಗಾ, ಮೆತ್ತಗೆ ಒತ್ತು. ಗುಂಡು ಹೋಗಿದ್ದು ನಿಂಗೇ ಆಶ್ಚರ್ಯ ಆಗ್ಬೇಕು." ಈ ಮಾತನ್ನು ಪೂರ್ತಿ ನಂಬಿದವಳು ಬುರ್ಗಿ, ಕಟುಕ ಕಾಸ್ಪರನ ಹದಿಮೂರರ ಮಗಳು. ಎಲ್ಲಿಗೆ ಹೊಡೆ ಎಂದರೆ ಅಲ್ಲಿಗೆ ಹೊಡೆಯುತ್ತಿದ್ದಳು.

ಮೊದಲು ಮಕ್ಕಳಿಗೆ ಬೇರೆ ಪುಟ್ಟ ರಾಜನಿದ್ದ, ಪುಟ್ಟ ಸರವಿತ್ತು. ನಾಲ್ಕೇ ಮಂದಿ ಉಳಿದ ಮೇಲೆ ಕ್ವಿರೀನ್, ಮಕ್ಕಳೂ ದೊಡ್ಡವರ ಜೊತೆಯೇ ಹೊಡೆಯಲಿ ಎಂದ. ಸಂಘದವರೆಲ್ಲ ಚಪ್ಪಾಳೆ ತಟ್ಟಿದರು. "ಮಕ್ಕಳೇ ಸಂಘದ ನಾಳೆ!" ಎಂದು ಬಾರ್ಟಲ್ ಕಣ್ಣೊರೆಸಿಕೊಂಡ. ನಾಳೆಯ ಊಟದ ಖರ್ಚು ಯಾರದೋ ಅಪ್ಪನ ತಲೆಗೆ ಹೋಗುವುದು ಎಲ್ಲರಿಗೂ ಗೊತ್ತಾಗಿತ್ತು. ಚಪ್ಪಾಳೆ ತಟ್ಟದೆ ಕೂತವನು ಕಾಸ್ಪರ್ ಒಬ್ಬನೇ.

ಹಬ್ಬದ ಸಂಜೆ ಕೋಣೆ ತುಂಬಿತ್ತು. ಒಬ್ಬೊಬ್ಬರಾಗಿ ಬಂದು ಜಾಗರೂಕತೆಯಿಂದ ತಪ್ಪಿಸಿ ಹೋದರು. ಕೊನೆಗೆ ಉಳಿದವರು ಇಬ್ಬರು. ಪಕ್ಕಪಕ್ಕದ ಸಾಲು, ಒಂದೊಂದರ ತುದಿಗೆ ಒಂದೊಂದು ಕಾಗದದ ಗುರಿ. ಮೂರನೇ ಸಾಲಿನಲ್ಲಿ ಕ್ವಿರೀನ್, ನಾಲ್ಕನೇ ಸಾಲಿನಲ್ಲಿ ಬುರ್ಗಿ.

ಕ್ವಿರೀನ್ ಕೂತು, ಕೋವಿಯನ್ನು ಊರುಗೋಲಿನ ಮೇಲಿಟ್ಟು ಉಸಿರು ಅರ್ಧ ಬಿಟ್ಟ. ಉಳಿದರ್ಧ ಒಳಗೆ ಕೂರುವ ಮೊದಲು ಓರೆಗಣ್ಣಿಗೆ ಬುರ್ಗಿಯ ಮೊಣಕೈ ಕಂಡಿತು. ಜೋತುಬಿದ್ದಿತ್ತು. ಇಷ್ಟು ವರ್ಷ ಮಕ್ಕಳ ಮೊಣಕೈ ನೋಡಿದ ಮನುಷ್ಯ ಸುಮ್ಮನಿರುತ್ತಾನೆಯೇ? ಎದ್ದು ಹೋಗಿ ಮೊಣಕೈ ಸರಿಮಾಡಿದ. ಅವಳ ಹಿಂದೆ ನಿಂತು ಅವಳ ಕಾಗದದ ಗುರಿಯನ್ನೇ ದಿಟ್ಟಿಸಿ, "ಹ್ಞೂಂ, ಹಂಗಿರ್ಲಿ" ಎಂದ. ತನ್ನ ಜಾಗಕ್ಕೆ ಮರಳಿ ಕಣ್ಣು ಕಿರಿದು ಮಾಡಿದ. ಕಪ್ಪು ಚುಕ್ಕೆ ಎಂದೂ ಇಲ್ಲದಷ್ಟು ನಿಶ್ಚಲವಾಗಿ ನಿಂತಿತ್ತು. ಮೆತ್ತಗೆ ಒತ್ತಿದ. ಗುಂಡು ಹೋದದ್ದು ಅವನಿಗೇ ಆಶ್ಚರ್ಯವಾಯಿತು.

ಅದೇ ಗಳಿಗೆಯಲ್ಲಿ ಬುರ್ಗಿಯ ಕೋವಿಯೂ ಟಪ್ ಎಂದಿತು.

ಸಾಲಿನ ಬದಿಯ ಹಿಡಿ ತಿರುಗಿಸಿದರೆ ಕಾಗದ ದಾರದ ಮೇಲೆ ತೂಗಾಡುತ್ತ ಓಡಿಬರುತ್ತದೆ. ಕ್ವಿರೀನನ ಕಾಗದ ಆಗತಾನೆ ಮಡಿ ಮಾಡಿದ ಬಟ್ಟೆಯಂತೆ ಬಂದಿತು. ಒಂದು ತೂತೂ ಇಲ್ಲ. ಬುರ್ಗಿಯದರಲ್ಲಿ ಎರಡು. ಒಂದು ಎಡಕ್ಕೆ, ಎಂಟನೇ ಸುತ್ತಿನ ಮೇಲೆ. ಇನ್ನೊಂದು ನಡುಬಿಂದುವನ್ನು ನುಂಗಿ ಕೂತಿತ್ತು.

"ಯಜಮಾನ ಪಕ್ಕದ ಮನೆ ಬಾಗಿಲು ತಟ್ಟಿದ್ದಾನೆ!" ಎಂದು ಆಫ್ರಾ ಕೂಗಿದಳು. ಕೋಣೆಯೆಲ್ಲ ನಕ್ಕಿತು. ಆಮೇಲೆ ಎಲ್ಲರೂ ಒಟ್ಟಿಗೆ ಯೋಚಿಸತೊಡಗಿದರು. ನಡುವಿನದು ಯಾರದು?

ಕಾಸ್ಪರ್ ಮೇಜು ಹಾರಿ ಬಂದ. "ಯಜಮಾನ್ರದೇ! ಅದ್ರಲ್ಲೇನು ಮಾತು? ರಾಜ ಯಜಮಾನ್ರೇ!"

"ನಿಂಗೆ ಹೆಂಗೆ ಗೊತ್ತು ಕಾಸ್ಪರಾ?" ಎಂದ ಬಾರ್ಟಲ್.

"ನನ್ ಮಗಳು ಗುರಿ ಎಲ್ಲಿ ಇಟ್ರೆ ಅಲ್ಲಿಗೇ ಹೊಡೀತಾಳೆ. ಎಡಕ್ಕೆ ಎಂಟಕ್ಕೆ ಹೊಡಿ ಅಂತ ನಾನೇ ಹೇಳಿದ್ದೆ!"

ಇಡೀ ಜೀವಮಾನ ಗುರಿ ತಪ್ಪಿಸಿದ ಮೂವತ್ತು ಮಂದಿಯ ಮುಖ ಕೆಂಪೇರಿತು.

"ಬೇಕಂತಲೇ ತಪ್ಪಿಸೋದಾ? ರಾಜನ ಗುಂಡಲ್ಲಿ?"

"ಎಂಥಾ ಕಾಲ ಬಂತಪ್ಪಾ!"

"ಮಗುಗೆ ಹೇಳ್ಕೊಡೋ ಮಾತಾ ಇದು? ನಾಚ್ಕೆ ಆಗ್ಬೇಕು ಕಟುಕಾ!"

"ಹೌದು, ನಂದು ಎಂಟೇ," ಎಂದಳು ಬುರ್ಗಿ, ಯಾರೂ ಕೇಳದಿದ್ದರೂ. "ನಡುವಿಂದು ಕ್ವಿರೀನ್ ಅಜ್ಜಂದು. ಗುಂಡು ಬಂದಿದ್ದು ನಾನೇ ನೋಡ್ದೆ."

ಕ್ವಿರೀನನ ಎದೆ ತುಂಬಿ ಬಂದಿತು. ತನ್ನ ಗುಂಡು! ಅಪ್ಪನಿಗೂ ಅಜ್ಜನಿಗೂ ಇಷ್ಟು ನಟ್ಟನಡುವೆ ಬಿದ್ದಿರಲಿಲ್ಲ. ಅವನು ಗೋಡೆಯ ಮೊಳೆಯತ್ತ ನೋಡಿದ. ಅಡುಗೆಬಟ್ಟೆಯಿಂದ ಒಂದು ಹನಿ ತೊಟ್ಟಿಕ್ಕಿತು.

ಆದರೆ ಮೂವತ್ತು ಮಂದಿ ಬೇರೆಯದನ್ನೇ ನೋಡುತ್ತಿದ್ದರು. ಕ್ವಿರೀನ್ ರಾಜನಾದರೆ, ಒಂಟಿ ಮುದುಕ, ಬೇಳೆಯ ಸಾರು ಕುದಿಸಿ ಬಡಿಸುತ್ತಾನೆ. ಬುರ್ಗಿ ರಾಜನಾದರೆ ಅವಳ ಅಪ್ಪನ ಅಂಗಡಿಯಲ್ಲಿ ಇಡೀ ಹಂದಿಗಳು ಕೊಕ್ಕೆಗೆ ತೂಗುತ್ತಿವೆ. ಒಬ್ಬ ತುಟಿ ಸವರಿಕೊಂಡ. ಇನ್ನೊಬ್ಬ ಗಂಟಲು ಸರಿಮಾಡಿಕೊಂಡ.

"ನಿಯಮ ಅಂದ್ರೆ ನಿಯಮ," ಎಂದ ಅವನು.

ಸಂಘದಲ್ಲಿ ಅಷ್ಟು ಜನಕ್ಕೆ ನಿಯಮದ ಮೇಲೆ ಪ್ರೀತಿ ಹುಟ್ಟಿದ್ದು ಅದೇ ಮೊದಲು. ಒಂದು ಕಾಗದದ ಮೇಲೆ ಎಷ್ಟು ತೂತಿದ್ದರೂ ಅದರಲ್ಲಿ ಒಳ್ಳೆಯದು ಆ ಸಾಲಿನವರದೇ. ಪಕ್ಕದ ಸಾಲಿಗೆ ಹೊಡೆದವನಿಗೆ ಸೊನ್ನೆ. ಈ ನಿಯಮ ಮಾಡಿದವನು ಕ್ವಿರೀನನೇ. ಹಿಂದೊಮ್ಮೆ ಬಾರ್ಟಲ್ ಹೀಗೆ ಹೊಡೆದಾಗ, ಅವನು ಎಷ್ಟು ಗೋಗರೆದರೂ ಸೊನ್ನೆ ಹಾಕಿದ್ದ.

"ಅವತ್ತು ನಂಗೆ ಏನಂದಿದ್ರಿ ಯಜಮಾನ್ರೇ? 'ನಿಯಮಕ್ಕೆ ಕಣ್ಣಿಲ್ಲ ಬಾರ್ಟಲ್' ಅಂತ ಅಲ್ವಾ?" ಬಾರ್ಟಲ್ ನಯವಾಗಿ ಕೇಳಿದ. "ಇವತ್ತು ನೋಡಿದ್ರೆ ನಿಮ್ಗೂ ಇಲ್ಲ."

"ನೀವೊಂದು ಮಾತು ಹೇಳಿ ಯಜಮಾನ್ರೇ," ಕಾಸ್ಪರ್ ಕೈ ಮುಗಿಯುವಂತೆ ಹಿಡಿದ. "ನಂದು ಅಂತ ಒಂದೇ ಮಾತು!"

ಹೇಳಬಹುದಿತ್ತು. ಮಗುವೇ ಸಾಕ್ಷಿ ನುಡಿದಿತ್ತು, ಮಗುವಿನ ಅಪ್ಪನೂ. ಆದರೆ ಬುರ್ಗಿ ಅವನ ಮುಖವನ್ನೇ ನೋಡುತ್ತಿದ್ದಳು, ಶುಕ್ರವಾರ ಉಸಿರಿನ ಪಾಠ ಹೇಳುವಾಗ ನೋಡುವ ಹಾಗೆ. ಅವನು ಉಸಿರು ಅರ್ಧ ಬಿಟ್ಟ. ಉಳಿದರ್ಧವನ್ನು ಒಳಗೆ ಕೂರಿಸಲು ಬಹಳ ಕಷ್ಟವಾಯಿತು.

"ನಾಲ್ಕನೇ ಸಾಲಿಂದು ನಾಲ್ಕನೇ ಸಾಲಿನವಳದು. ರಾಜ ಬುರ್ಗಿ," ಎಂದ. "ಮೂರನೇ ಸಾಲಿಗೆ ಸೊನ್ನೆ."

ಬೆಳ್ಳಿಯ ಸರ ಬುರ್ಗಿಯ ಮೊಣಕಾಲು ಮುಟ್ಟಿತು. ಸಾಸೇಜಿನ ಹಾರ ಬಾರ್ಟಲನಿಗೆ ಹೋಯಿತು. ಚಪ್ಪಾಳೆ ನಿಲ್ಲುವುದರೊಳಗೆ ಹಾರ ಎರಡು ಸಾಸೇಜು ಗಿಡ್ಡವಾಗಿತ್ತು. ಮುಂದಿನ ಭಾನುವಾರ ಊಟ. ಕಾಸ್ಪರ್ ಕಣ್ಣಲ್ಲಿ ನೀರಿಟ್ಟುಕೊಂಡೇ ಹಂದಿಯ ಹುರಿದ ಬಾಡು ಕೊಯ್ದು ಕೊಯ್ದು ಹಾಕಿದ. ಜನ ಅದನ್ನು ಅಪ್ಪನ ಆನಂದಬಾಷ್ಪವೆಂದು ಹೊಗಳಿ ಎರಡನೇ ತಟ್ಟೆ ಚಾಚಿದರು. ಕ್ವಿರೀನ್ ಎರಡು ಆಲೂಗಡ್ಡೆ ಉಂಡೆ ತಿಂದು ಬೇಗ ಎದ್ದ.

ಈಸ್ಟರ್ ಕಳೆದ ಮೇಲೆ ಬುರ್ಗಿ ತನ್ನ ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ತಂದಳು. ಎಲ್ಲಿ ತೂಗುಹಾಕುವುದೆಂದು ಯಾರನ್ನೂ ಕೇಳಲಿಲ್ಲ. ಆಫ್ರಾಳ ಅಡುಗೆಬಟ್ಟೆಯನ್ನು ತೆಗೆದು ಅವಳ ಕೈಗೇ ಕೊಟ್ಟು, ಆ ಮೊಳೆಗೆ ಹಲಗೆ ಸಿಕ್ಕಿಸಿದಳು.

ಹಲಗೆಯಲ್ಲಿ ಕಾಡುಹಂದಿಯೂ ಇರಲಿಲ್ಲ, ಇಗರ್ಜಿಯೂ ಇರಲಿಲ್ಲ. ಒಬ್ಬ ಮುದುಕ ಕೂತಿದ್ದ, ಕೋವಿ ಊರುಗೋಲಿನ ಮೇಲೆ, ಕಣ್ಣು ಕಿರಿದು. ಅವನ ಮುಂದಿನ ಗುರಿ ಖಾಲಿ. ಕೋವಿಯ ಮೂತಿ ಸೊಟ್ಟಗೆ ಪಕ್ಕದ ಗುರಿಗೆ ತಿರುಗಿತ್ತು. ಆ ಗುರಿಯ ನಟ್ಟನಡುವೆ ನಿಜವಾದ ತೂತು ಕೊರೆದು, ಗುಂಡು ಬಿದ್ದ ಗುರುತಿಗೆ ಮರದ ಬೆಣೆ ಬಡಿದಿತ್ತು. ಕೆಳಗೆ ಬುರ್ಗಿಯ ಹೆಸರು.

ಮೂವತ್ತು ಮಂದಿ ಹೊಟ್ಟೆ ಹಿಡಿದು ನಕ್ಕರು. ಕ್ವಿರೀನ್ ಬಹಳ ಹೊತ್ತು ನೋಡಿದ. ಆಮೇಲೆ ಹತ್ತಿರ ಹೋಗಿ ಮತ್ತೆ ನೋಡಿದ.

"ನನ್ ಮೂಗು ಇಷ್ಟು ದೊಡ್ಡದಾ?"

"ಚಿತ್ರದಲ್ಲಿ ಸರಿಯಾಗಿ ಬಂದಿರೋದು ಅದೊಂದೇ," ಎಂದಳು ಆಫ್ರಾ. "ಈಗ ನನ್ ಬಟ್ಟೆಗೆ ಮೊಳೆ ಯಾರು ಕೊಡ್ತಾರೆ?"

ಕ್ವಿರೀನ್ ಸುತ್ತಿಗೆ ತರಿಸಿದ. ಹಲಗೆಯಿಂದ ಒಂದು ಮೊಳ ದೂರದಲ್ಲಿ, ತೊಟ್ಟಿಕ್ಕುವ ನೀರು ತಾಗದಂತೆ, ಹೊಸ ಮೊಳೆಯನ್ನು ಗೋಡೆಗಿಟ್ಟು ಬೀಸಿ ಹೊಡೆದ. ಏಟು ಹೆಬ್ಬೆರಳ ಮೇಲೆ ಬಿತ್ತು.

"ಅಜ್ಜಾ," ಎಂದಳು ಬುರ್ಗಿ ಹಿಂದಿನಿಂದ, "ಯಾವ ಸಾಲಿಗೆ ಹೊಡೀತಿದ್ದೀರಿ?"