ಇಸ್ತ್ರಿ ಅಂಗಡಿಯವಳು ಕಂಡಷ್ಟು

ಆ ತಿರುವಿನ ಇಸ್ತ್ರಿ ಅಂಗಡಿಗೆ ಬಂದವರು ಬಟ್ಟೆ ಕೊಟ್ಟು ಸುಮ್ಮನೆ ಹೋಗುವುದಿಲ್ಲ, ನಾಲ್ಕು ಮಾತಾಡಿಯೇ ಹೋಗುತ್ತಾರೆ. ಆ ವಾರವಂತೂ ಎಲ್ಲರ ಬಾಯಲ್ಲೂ ಒಂದೇ ಮಾತು. ಅಂಗಡಿಯ ಎದುರಿನ ರಸ್ತೆಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದರೂ ಒಬ್ಬ ವ್ಯಾನ್ ಡ್ರೈವರ್ ನಿಲ್ಲಿಸಲಿಲ್ಲ. ಕಾನ್‌ಸ್ಟೇಬಲ್ ಒಬ್ಬ ಎರಡು ಸಲ ಗುಂಡು ಹಾರಿಸಿದ. ವ್ಯಾನು ಗೋಡೆಗೆ ಗುದ್ದಿ ನಿಂತಿತು. ಆಸ್ಪತ್ರೆ ಮುಟ್ಟುವ ಮೊದಲೇ ಡ್ರೈವರ್ ಪ್ರಾಣ ಬಿಟ್ಟ.

ಗುಂಡು ಹಾರಿಸಿದ್ದು ಸರಿಯೋ, ತಪ್ಪೋ? ಊರು ಎರಡು ಪಾಲಾಯಿತು.

"ಸರಿಯಾಗೇ ಮಾಡಿದ," ಅಂದರು ಅಂಗಿ ಕೊಡಲು ಬಂದ ನಿವೃತ್ತ ಮೇಷ್ಟ್ರು. "ತಪ್ಪು ಮಾಡದೋನು ಯಾಕೆ ಓಡ್ತಾನೆ? ವ್ಯಾನು ಪೊಲೀಸಿನವನ ಮೈಮೇಲೇ ಬಂತಂತಲ್ಲ?"

"ಬಂತು ಮೇಷ್ಟ್ರೇ, ಇನ್ನೇನು ಹರಿದೇ ಬಿಡ್ತಿತ್ತು," ಅಂದಳು ಇಸ್ತ್ರಿಯವಳು.

ಸಂಜೆ ಬಸ್ ಡ್ರೈವರ್ ಬಂದ. "ಅಕ್ಕಾ, ಹೆದರಿ ಓಡಿದ್ದಕ್ಕೆ ಸಾವೇ ಶಿಕ್ಷೆನಾ? ಬೆನ್ನಿಗೆ ಹೊಡೆದರಂತೆ!"

"ಹೂಂ ಕಣಪ್ಪ. ಪಾಪ, ಬೇಡ ಬೇಡ ಅಂತ ಕೈ ಮುಗೀತಿದ್ದ," ಅಂದಳು ಅದೇ ಇಸ್ತ್ರಿಯವಳು.

ಅವಳು ಕೆಟ್ಟವಳಲ್ಲ. ಗಿರಾಕಿಯ ಮಾತಿಗೆ ಎದುರಾಡಬಾರದು ಎಂಬುದು ಅವಳ ಅಂಗಡಿಯ ನಡೆ. ಮಳೆ ಬರುತ್ತೆ ಅಂದವರಿಗೂ ಹೌದು, ಬರಲ್ಲ ಅಂದವರಿಗೂ ಹೌದು. ಆವರೆಗೆ ಅದರಿಂದ ಯಾರಿಗೂ ಕೇಡಾಗಿರಲಿಲ್ಲ.

ಅವಳ ನಾದಿನಿ ಉಚಿತ ಕಾನೂನು ನೆರವು ಕೇಂದ್ರದಲ್ಲಿ ಕೆಲಸ ಮಾಡುವವಳು. ಅಂದು ಒಳಗೆ ಬಟ್ಟೆ ಮಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಸ್ ಡ್ರೈವರ್ ಅತ್ತ ಹೋದದ್ದೇ ಹೊರಗೆ ಬಂದಳು.

"ಅತ್ತಿಗೆ, ನಾಳೆ ವಿಚಾರಣೆ ಅಧಿಕಾರಿ ನಿಮ್ಮನ್ನ ಕರೆದಿದ್ದಾರೆ. ಅವರು ಯಾವ ಕಡೆಯೋರು ಅಂತ ನೋಡ್ಕೊಂಡು ಹೇಳ್ತೀರಾ?"

ಇಸ್ತ್ರಿಯವಳ ಗಂಡ ನಡುವೆ ಬಾಯಿ ಹಾಕಿದ. "ಏನೂ ಕಾಣಲಿಲ್ಲ ಅಂದುಬಿಡಲಿ. ಠಾಣೆಯವರ ಯೂನಿಫಾರ್ಮೆಲ್ಲ ಇಸ್ತ್ರಿಗೆ ಬರೋದು ನಮ್ಮಲ್ಲಿಗೇ. ಅದು ನಿಂತರೆ ನಿನ್ನ ಕಾನೂನು ಬಂದು ನಮ್ಮ ಒಲೆ ಹಚ್ಚುತ್ತಾ?"

"ಹಚ್ಚಲ್ಲ ಅಣ್ಣ. ನಿನ್ನ ಭಯ ಸುಳ್ಳಲ್ಲ. ಆದರೆ ನಿನ್ನೆ ಆ ಡ್ರೈವರ್ ತಾಯಿ ನಮ್ಮ ಕೇಂದ್ರಕ್ಕೆ ಬಂದಿದ್ದಳು. ಅಳಲೂ ಇಲ್ಲ. 'ನನ್ನ ಮಗ ಯಾರನ್ನಾದ್ರೂ ಕೊಲ್ಲಕ್ಕೆ ಹೋಗಿದ್ನಾ? ಅಷ್ಟು ಹೇಳ್ರಮ್ಮ' ಅಂದಳು."

ಗಂಡ ಅಲ್ಲೇ ಬೆಂಚಿನ ಮೇಲೆ ಕೂತ.

"ಗುಂಡು ಹಾರಿಸಿದವನಿಗೂ ಮನೆ ಇದೆ," ನಾದಿನಿ ಮುಂದುವರಿಸಿದಳು. "ವ್ಯಾನು ನಿಜವಾಗಿ ಅವನ ಮೇಲೆ ಬಂದಿದ್ರೆ ಅದೂ ಗೊತ್ತಾಗಬೇಕು. ಜೀವ ಉಳಿಸೋಕೆ ಹೊಡೆದನಾ, ಬರೀ ಓಡಿದ ಅಂತ ಹೊಡೆದನಾ? ಸರಿ ತಪ್ಪು ನಿಂತಿರೋದೇ ಅದರ ಮೇಲೆ. ಹೇಳಿ ಅತ್ತಿಗೆ, ಮೊದಲ ಸದ್ದು ಕೇಳಿದಾಗ ನಿಮ್ಮ ಕಣ್ಣೆಲ್ಲಿತ್ತು?"

ಇಸ್ತ್ರಿಯವಳು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಕಾಲರ್ ಮೇಲೆ. ಕಾಲರ್ ಒತ್ತುವಾಗ ನಾನು ತಲೆ ಎತ್ತಲ್ಲ. ಎತ್ತಿದ್ರೆ ಸುಕ್ಕು ಕೂತುಬಿಡುತ್ತೆ."

"ಹಂಗಾದ್ರೆ ವ್ಯಾನು ಮೈಮೇಲೆ ಬಂದದ್ದು?"

"ನೋಡಲಿಲ್ಲ."

"ಕೈ ಮುಗಿದದ್ದು?"

"ಅದೂ ಇಲ್ಲ ಕಣೇ." ಅವಳ ದನಿ ಇಳಿಯಿತು. "ಹೇಳಿ ಹೇಳಿ ನಂಗೇ ಕಂಡಂಗಾಗಿಹೋಗಿತ್ತು."

"ತಲೆ ಎತ್ತಿದಾಗ ಏನು ಕಂಡ್ರಿ?"

ಅವಳು ಕಣ್ಣು ಮುಚ್ಚಿಕೊಂಡಳು. "ಪೊಲೀಸ್ನೋನು ದೀಪದ ಕಂಬದ ಪಕ್ಕ ನಿಂತಿದ್ದ. ವ್ಯಾನು ಅವನನ್ನ ದಾಟಿ ಹೋಗಾಗಿತ್ತು. ಅದರ ಮುಂದೆ ಯಾರೂ ಇರಲಿಲ್ಲ. ಆಗ ಅವನು ಎರಡನೇ ಸಲ ಹೊಡೆದ. ಅದನ್ನ ಕಣ್ಣಾರೆ ನೋಡಿದೆ. ದೇವರೇ, ಅದೊಂದನ್ನೇ ನಾನು ಯಾರಿಗೂ ಹೇಳಲಿಲ್ಲವಲ್ಲ!"



"ಮೊದಲನೇ ಗುಂಡಿನ ವಿಷಯ ಕೇಳಿದ್ರೆ?" ಅಂದ ಗಂಡ.

"ನೋಡಿಲ್ಲ ಅಂತಲೇ ಹೇಳಬೇಕು ಅಣ್ಣ. ನೋಡದ್ದನ್ನ ಸೇರಿಸಿದ್ರೆ ನೋಡಿದ್ದನ್ನೂ ಯಾರೂ ನಂಬಲ್ಲ."

ಇಸ್ತ್ರಿಯವಳು ಗಂಡನತ್ತ ತಿರುಗಿದಳು. "ರೀ, ಆ ತಾಯಿ ನಮ್ಮ ಬಾಗಿಲಿಗೇ ಬಂದು ಕೇಳಿದ್ರೆ? ಅವಳಿಗೂ ಗಿರಾಕಿಗೆ ಆಡಿಸಿದ ಹಂಗೆ ತಲೆ ಆಡಿಸ್ಲಾ?"

ಅವನು ಎದ್ದು ಪೆಟ್ಟಿಗೆಯ ಸ್ವಿಚ್ ಆರಿಸಿದ. "ನಾಳೆ ಅಂಗಡಿ ತೆಗೆಯೋದು ಬೇಡ. ನಾನೂ ಜೊತೆಗೆ ಬರ್ತೀನಿ."

ಮರುದಿನ ಅವಳು ಕಂಡಷ್ಟನ್ನು ಹೇಳಿದಳು. ಕಾಣದ್ದನ್ನು ಕಾಣಲಿಲ್ಲ ಎಂದಳು. ಅಧಿಕಾರಿ ಬರೆದುಕೊಂಡದ್ದನ್ನು ಓದಿಸಿ ಕೇಳಿ, ಆಮೇಲೆ ಸಹಿ ಹಾಕಿದಳು. ಆ ವಾರ ಠಾಣೆಯಿಂದ ಯೂನಿಫಾರ್ಮಿನ ಗಂಟು ಬರಲಿಲ್ಲ. ವಿಚಾರಣೆ ಇನ್ನೂ ಮುಗಿದಿಲ್ಲ. ಗಂಡ ಹೆಂಡತಿ ಮಾತ್ರ ರಾತ್ರಿ ಕಣ್ತುಂಬ ನಿದ್ದೆ ಮಾಡುತ್ತಿದ್ದಾರೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಪೊಲೀಸರು ಕೈ ತೋರಿಸಿದರೆ ಗಾಡಿ ನಿಲ್ಲಿಸಿ, ಎಷ್ಟೇ ಭಯವಿದ್ದರೂ ನಿಲ್ಲಿಸಿ. ನಿಮ್ಮ ಕಣ್ಣೆದುರು ಇಂಥದ್ದೇನಾದರೂ ನಡೆದರೆ ತೀರ್ಪು ಹೇಳಲು ಅವಸರ ಬೇಡ, ಸಾಕ್ಷಿ ಹೇಳಲು ಹಿಂಜರಿಕೆ ಬೇಡ. ಕಂಡದ್ದನ್ನು ಕಂಡಷ್ಟೇ ಹೇಳಿ. ಕೇಳಿದ್ದನ್ನು ಕೇಳಿದ್ದೆಂದೇ ಹೇಳಿ. ಒಬ್ಬರೇ ಹೋಗಲು ಅಳುಕಾದರೆ ಹತ್ತಿರದ ಕಾನೂನು ನೆರವು ಕೇಂದ್ರದಲ್ಲಿ ವಿಚಾರಿಸಿ. ಸತ್ತವನು ಎದ್ದು ಬಂದು ನಡೆದದ್ದನ್ನು ಹೇಳಲಾರ. ಆ ಹೊತ್ತಿಗೆ ಭಗವಂತ ಅಲ್ಲಿ ನಿಲ್ಲಿಸಿದ್ದು ನಿಮ್ಮನ್ನು.