ನಿಂತ ಫ್ಯಾನಿಗೆ ಕೈ ಹಾಕಿದವನು

ಹೊಸ ಲಾರಿ ಬಂದ ಮೇಲೆ ಅದೇ ಮೊದಲ ಚಳಿಗಾಲ. ಕೊಂಢವಾ ಬಡಾವಣೆಯ ಓಣಿಯಲ್ಲಿ ಬೆಳಗಿನ ಥಂಡಿ ಹಲ್ಲು ಕಡಿಸುತ್ತಿತ್ತು. ಪಿಂಪ್ರಿಗೆ ಮಾಲು ತುಂಬಲು ಹೊರಟ ಗಂಡನ ಜೊತೆ, ತಂಗಿಯ ಮನೆಗೆಂದು ಅನುಸೂಯಾ ಕ್ಯಾಬಿನ್ ಹತ್ತಿ ಕೂತಿದ್ದಳು. ಗಂಡ ಮಾತ್ರ ಎಂಜಿನ್ ಚಾಲೂ ಇಟ್ಟು ಲಾರಿಯ ಕೆಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದ. ಎಂಜಿನ್ನಿನ ಫ್ಯಾನು ಗಪ್ಪನೆ ನಿಂತಿತ್ತು.

ಜೀವಮಾನವೆಲ್ಲ ಹಳೇ ಲಾರಿ ಓಡಿಸಿದವನು ಅವನು. ಅದರಲ್ಲಿ ಎಂಜಿನ್ ತಿರುಗಿದರೆ ಫ್ಯಾನೂ ತಿರುಗಲೇಬೇಕು, ಗಂಡ ಏಳುವಷ್ಟರಲ್ಲಿ ಹೆಂಡತಿ ಎದ್ದಿರಲೇಬೇಕು ಅನ್ನುವ ಹಾಗೆ. ಶೋರೂಮಿನ ಮೆಕ್ಯಾನಿಕ್ ಫೋನಿನಲ್ಲಿ ಮರಾಠಿಯಲ್ಲಿ ಬಿಡಿಸಿ ಹೇಳಿದ್ದ: ಥಂಡಿಯಲ್ಲಿ ಇದು ತಿರುಗುವುದಿಲ್ಲ, ಎಂಜಿನ್ ಕಾದ ಮೇಲೆ ತಾನೇ ತಿರುಗುತ್ತದೆ, ಕೈ ಹಚ್ಚಬೇಡಿ. ಕೇಳಿದರೆ ತಾನೇ!

"ಎಂಜಿನ್ ಸುಟ್ಟ ಮ್ಯಾಲೆ ಇಂವ ಬಂದು ಬಾಯಿ ಬಡ್ಕೋತಾನೇನು? ಎಲ್ಲೋ ಸಿಕ್ಕೊಂಡದ. ಕೈಲೆ ಒಮ್ಮಿ ತಿರುವಿದ್ರ ಬಿಡತದ."

"ಎಂಜಿನ್ ಬಂದ್ ಮಾಡಿ ನೋಡ್ರಿ," ಅಂದಳು ಅನುಸೂಯಾ.

"ಬಂದ್ ಮಾಡಿದ್ರ, ಬಿಟ್ಟದೋ ಇಲ್ಲೋ ಹ್ಯಾಂಗ ತಿಳೀಬೇಕು? ನೀ ಸುಮ್ನ ಕೂಡು."

ಹೀಗೆ ಹೇಳಿ ಕೆಳಗೆ ನುಸುಳಿದ. ಅವಳಿಗೆ ಕಾಣುತ್ತಿದ್ದದ್ದು ಬಾಗಿಲ ಪಕ್ಕ ಚಾಚಿಕೊಂಡ ಅವನ ಎರಡು ಕಾಲು ಮಾತ್ರ. ಅಷ್ಟರಲ್ಲಿ ಅವಳ ಉಸಿರಿಗೇ ಎದುರಿನ ಗಾಜು ಮಸುಕಾಯಿತು. ಗಾಜು ಮಸುಕಾದರೆ ಎಸಿಯ ಗುಂಡಿ ತಿರುವಬೇಕೆಂದು ಗಂಡನೇ ಹೇಳಿಕೊಟ್ಟಿದ್ದ. ತಿರುವಿದಳು.

ಮರುಕ್ಷಣ ಅವಳ ಕಾಲ ಬುಡದಲ್ಲೇ ಫ್ಯಾನು ಭರ್ರೆಂದು ತಿರುಗಿತು. ಎಸಿ ಹಾಕಿದರೆ ಆ ಫ್ಯಾನು ಥಂಡಿ ಗಿಂಡಿ ನೋಡದೆ ತಿರುಗುತ್ತದೆಂದು ಅವಳಿಗೆ ಯಾರು ಹೇಳಬೇಕು? ಲಾರಿಯ ಕೆಳಗಿನಿಂದ ಕೆಂಪಗಿನದೇನೋ ಚೂರುಚೂರಾಗಿ ರಸ್ತೆಗೆ ಹಾರಿತು.

ಅವಳು "ರೀ!" ಎಂದು ಚೀರಿದಳು. ಚಾವಿ ತಿರುವಿ ಎಂಜಿನ್ ಆರಿಸಿ, ಧುಮುಕಿದಂತೆ ಕೆಳಗಿಳಿದಳು. ಅವನ ಕಾಲುಗಳು ಅಲ್ಲಾಡುತ್ತಿರಲಿಲ್ಲ.

"ಮಲಕಪ್ಪಾ!"

ಮದುವೆಯಲ್ಲಿ ಒಡಪಿನ ಪದ್ಯ ಕಟ್ಟಿ ಹೇಳಿದ್ದು ಬಿಟ್ಟರೆ ಗಂಡನ ಹೆಸರು ಅವಳ ತುಟಿ ದಾಟಿದ್ದು ಅದೇ ಮೊದಲು. ನಿಶ್ಶಬ್ದವಾದ ಓಣಿಗೆಲ್ಲ ಕೇಳಿಸಿತು. ಹಲ್ಲುಜ್ಜುತ್ತಿದ್ದವರು ಹಾಗೇ ನಿಂತರು.

ಕಾಲು ಅಲುಗಿದವು. ಮಲಕಪ್ಪ ತೆವಳಿ ಹೊರಬಂದ. ಮುಖ ಬಿಳಚಿಕೊಂಡಿತ್ತು. ಎರಡೂ ಕೈ ಮುಂದೆ ಚಾಚಿಕೊಂಡಿದ್ದ, ಬೇರೆ ಯಾರದೋ ಕೈ ಎಂಬಂತೆ. ಎಲ್ಲ ಬೆರಳೂ ಇದ್ದವು.

"ಮಫ್ಲರಿನಿಂದ ಗ್ರೀಸ್ ಒರಸಾಕತ್ತಿದ್ದೆ. ಕೈಯಾಗಿಂದ ಕಸಗೊಂಡ್ತು," ಅಂದ. ಅವನ ಕೆಂಪು ಮಫ್ಲರಿನ ಎಳೆಗಳು ರಸ್ತೆಯ ತುಂಬ ಬಿದ್ದಿದ್ದವು.

"ಗುಂಡಿ ತಿರುವಿದಾಕಿ ನಾನs ರೀ. ನಾನs..." ಅಂದಳು ಅನುಸೂಯಾ.

ಅವನು ಬೈಯಲಿಲ್ಲ. ಬೈಯದಿದ್ದದ್ದೇ ಅವಳನ್ನು ಇನ್ನಷ್ಟು ಹೆದರಿಸಿತು. ಲಾರಿಯ ಗಾಲಿಗೆ ಬೆನ್ನು ಹಚ್ಚಿ ಕೂತವನು ಬಹಳ ಹೊತ್ತು ತನ್ನ ಕೈ ನೋಡಿಕೊಂಡ. ಕಡೆಗೆ, "ಇನ್ನೊಮ್ಮಿ ಕರಿ," ಅಂದ.

"ಏನಂತ್ರಿ?"

"ಈಗ ಕರದಿಯಲ್ಲಾ, ಹಂಗ. ಆ ಮಲಕಪ್ಪ ಇನ್ನೂ ಅದಾನೋ ಇಲ್ಲೋ ನೋಡೂನು."